ಕ್ಲೌಡ್ ಬ್ಯಾಕಪ್

ಕ್ಲೌಡ್ ಬ್ಯಾಕಪ್ ಎಂದರೆ ಮೊಬೈಲ್ ಫೋನ್, ಕಂಪ್ಯೂಟರ್ ಮೊದಲಾದ ಸಾಧನಗಳಲ್ಲಿರುವ ದತ್ತಾಂಶದ ಇನ್ನೊಂದು ಪ್ರತಿಯನ್ನು ಅಂತರಜಾಲದ ಮೂಲಕ ದೂರದ ದತ್ತಾಂಶ ಕೇಂದ್ರದಲ್ಲಿ ಇರಿಸುವ ವ್ಯವಸ್ಥೆ. ಸಾಧನವು ಕಳೆದುಹೋದಾಗ, ನೀರಿಗೆ ಬಿದ್ದಾಗ ಅಥವಾ ಸಿಡಿಲಿನಿಂದ ಕೆಟ್ಟಾಗ ಛಾಯಾಚಿತ್ರ, ಧ್ವನಿಮುದ್ರಣ, ಸಂಪರ್ಕ ಸಂಖ್ಯೆ, ಸಂದೇಶ ಹಾಗೂ ಬರಹಗಳನ್ನು ಮರಳಿ ಪಡೆಯುವುದು ಇದರ ಉದ್ದೇಶ. ಹೆಸರಿನಲ್ಲಿ ಮೋಡವಿದ್ದರೂ ದತ್ತಾಂಶವು ನೆಲದ ಮೇಲಿನ ಕಟ್ಟಡದಲ್ಲಿಯೇ ಇರುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾದಾಗ, ಬೇರೆಡೆ ಪ್ರತಿ ಇಟ್ಟುಕೊಳ್ಳದ ಗ್ರಾಹಕರು ತಮ್ಮ ದತ್ತಾಂಶವನ್ನು ಶಾಶ್ವತವಾಗಿ ಕಳೆದುಕೊಂಡರು.

ಹಿನ್ನೆಲೆ

ಮೂಲವಿರುವ ಸ್ಥಳದಿಂದ ದೂರದಲ್ಲಿ ಪ್ರತಿಯನ್ನು ಇರಿಸುವ ಕ್ರಮ ಕಂಪ್ಯೂಟರಿಗಿಂತ ಹಳೆಯದು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಶಾಸನಗಳು ಇದಕ್ಕೆ ಉತ್ತಮ ನಿದರ್ಶನ. ತಾಳಗುಂದ, ಬಳ್ಳಿಗಾವಿ, ಕುಬಟೂರು, ಉದ್ರಿ ಮೊದಲಾದ ಊರುಗಳ ಕಲ್ಲುಗಳು ಶತಮಾನಗಳ ಮಳೆ ಬಿಸಿಲಿಗೆ ತೆರೆದುಕೊಂಡೇ ನಿಂತಿದ್ದವು. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 7ನೆಯ ಸಂಪುಟದಲ್ಲಿ (1902) ಶಿಕಾರಿಪುರದ, 8ನೆಯ ಸಂಪುಟದಲ್ಲಿ (1904) ಸೊರಬದ ಶಾಸನಗಳು ಅಚ್ಚಾದವು. ಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಕೊಟ್ಟು, ಇಂಗ್ಲಿಷ್ ಅನುವಾದವನ್ನೂ ಸೇರಿಸಲಾಯಿತು. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭದಲ್ಲಿ ಕವಿ ಕುಬ್ಜನು ರಚಿಸಿದ ಕದಂಬರ ಶಾಸನವನ್ನು ವಿದ್ವಾಂಸರು ಇಂದಿಗೂ ‘ಶಿಕಾರಿಪುರ 176’ ಎಂಬ ಆ ಸಂಪುಟದ ಸಂಖ್ಯೆಯಿಂದಲೇ ಗುರುತಿಸುತ್ತಾರೆ. ಈ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಲಭ್ಯವಿವೆ. ಅಂದರೆ ಮೂಲವು ಕಲ್ಲಿನಲ್ಲಿಯೂ ಪ್ರತಿಗಳು ಗ್ರಂಥಾಲಯಗಳಲ್ಲಿಯೂ ಅಂತರಜಾಲದಲ್ಲಿಯೂ ಇವೆ.

ಪುಸ್ತಕ ಅಚ್ಚಾಯಿತೆಂದು ಯಾರೂ ಕಂಬವನ್ನು ಕೆಡವಲಿಲ್ಲ. ಓದಿನಲ್ಲಿ ಸಂಶಯ ಬಂದಾಗ ಕಲ್ಲಿಗೇ ಮರಳಬೇಕಾಗುತ್ತದೆ. ಫೋನಿನ ಬಳಕೆಯಲ್ಲಿ ಈ ವಿವೇಕವು ಸುಲಭವಾಗಿ ತಪ್ಪಿಹೋಗುತ್ತದೆ.

ಬ್ಯಾಕಪ್ ಮತ್ತು ಸಿಂಕ್

ಬಹುತೇಕ ಬಳಕೆದಾರರು ಬ್ಯಾಕಪ್ ಎಂದು ಭಾವಿಸುವ ಸೇವೆಯು ವಾಸ್ತವದಲ್ಲಿ ಸಿಂಕ್ ಆಗಿರುತ್ತದೆ. ಸಿಂಕ್‌ನಲ್ಲಿ ಎರಡೂ ಕಡೆಯ ಪ್ರತಿಗಳು ಒಂದರಂತೆ ಇನ್ನೊಂದು ಇರುತ್ತವೆ. ಒಂದೆಡೆ ಅಳಿಸಿದ್ದು ಇನ್ನೊಂದೆಡೆಯೂ ಅಳಿಯುತ್ತದೆ. ಗೂಗಲ್ ಫೋಟೋಸ್ ಮತ್ತು ಐಕ್ಲೌಡ್ ಫೋಟೋಸ್ ಹೀಗೆಯೇ ವರ್ತಿಸುತ್ತವೆ. ಅಳಿಸಿದ ಚಿತ್ರವು ಗೂಗಲ್‌ನಲ್ಲಿ ಬ್ಯಾಕಪ್ ಆಗಿದ್ದರೆ 60 ದಿನ, ಐಕ್ಲೌಡ್‌ನಲ್ಲಿ 30 ದಿನ ಕಸದ ಬುಟ್ಟಿಯಲ್ಲಿದ್ದು, ಬಳಿಕ ಇಲ್ಲವಾಗುತ್ತದೆ. ಮಗುವೊಂದು ಆಟವಾಡುತ್ತ ಅಳಿಸಿದ ಚಿತ್ರವನ್ನು ಮೂರು ತಿಂಗಳ ನಂತರ ಹುಡುಕಿದರೆ ದೊರೆಯುವುದಿಲ್ಲ.

‘ಜಾಗ ಖಾಲಿ ಮಾಡಿ’ ಎಂಬ ಗುಂಡಿ ಇನ್ನೊಂದು ಬಗೆಯದು. ಅದನ್ನು ಒತ್ತಿದಾಗ ಕ್ಲೌಡ್‌ಗೆ ತಲುಪಿದ ಚಿತ್ರಗಳು ಫೋನಿನಿಂದ ತೆಗೆದುಹಾಕಲ್ಪಡುತ್ತವೆ. ಆಗ ಕ್ಲೌಡ್‌ನಲ್ಲಿರುವುದು ಪ್ರತಿಯಾಗಿ ಉಳಿಯದೆ ತಾನೇ ಏಕೈಕ ಮೂಲವಾಗುತ್ತದೆ. ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ನಿಯಮದ ಪ್ರಕಾರ ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳಲ್ಲಿ, ಒಂದಾದರೂ ಮನೆಯಿಂದ ಹೊರಗೆ ಇರಬೇಕು. ಫೋನು, ಮನೆಯ ಬೀರುವಿನಲ್ಲಿರುವ ಹಾರ್ಡ್ ಡಿಸ್ಕ್ ಮತ್ತು ಕ್ಲೌಡ್ ಸೇರಿದರೆ ಈ ನಿಯಮ ಪಾಲನೆಯಾದಂತೆ.

ಮಿತಿಗಳು

ಗೂಗಲ್ ಖಾತೆಯಲ್ಲಿ ಜಿಮೇಲ್, ಡ್ರೈವ್ ಮತ್ತು ಫೋಟೋಸ್‌ಗೆ ಒಟ್ಟಾಗಿ 15 ಜಿಬಿ, ಐಕ್ಲೌಡ್‌ನಲ್ಲಿ 5 ಜಿಬಿ ಉಚಿತವಾಗಿ ದೊರೆಯುತ್ತ ಬಂದಿದೆ. 2021ರ ಜೂನ್ 1ರವರೆಗೆ ಗೂಗಲ್ ಫೋಟೋಸ್‌ನಲ್ಲಿ ಗಾತ್ರ ಕುಗ್ಗಿಸಿದ ಚಿತ್ರಗಳಿಗೆ ಮಿತಿಯಿರಲಿಲ್ಲ. 2024ರಲ್ಲಿ ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್ ಸಹ ಈ 15 ಜಿಬಿಯ ಲೆಕ್ಕಕ್ಕೆ ಸೇರಿತು. ಜಾಗ ತುಂಬಿದೊಡನೆ ಬ್ಯಾಕಪ್ ನಿಲ್ಲುತ್ತದೆ; ಬರುವ ಎಚ್ಚರಿಕೆಯನ್ನು ಜಾಹೀರಾತೆಂದು ತಿಳಿದು ಸರಿಸಿಬಿಡುವವರೇ ಹೆಚ್ಚು.

ವೈಫೈ ಇಲ್ಲದ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಅನೇಕ ಆ್ಯಪ್‌ಗಳು ವೈಫೈ ಸಿಕ್ಕಾಗ ಮಾತ್ರ ಪ್ರತಿ ಕಳುಹಿಸುವಂತೆ ಮೊದಲೇ ಹೊಂದಿಸಲ್ಪಟ್ಟಿರುತ್ತವೆ. ಮೊಬೈಲ್ ಡೇಟಾ ಒಂದನ್ನೇ ನಂಬಿದ ಹಳ್ಳಿಯ ಫೋನಿನಲ್ಲಿ ಬ್ಯಾಕಪ್ ‘ಆನ್’ ಎಂದು ತೋರಿಸುತ್ತಿದ್ದರೂ ಒಂದು ಚಿತ್ರವೂ ಹೋಗಿರುವುದಿಲ್ಲ. ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ 15 ಜಿಬಿ ಕಳುಹಿಸಲು ಸುಮಾರು 17 ಗಂಟೆ ಬೇಕಾಗುವುದರಿಂದ, ಮೊದಲ ಬ್ಯಾಕಪ್ಪನ್ನು ಹಲವು ರಾತ್ರಿಗಳಿಗೆ ಹಂಚುವುದು ರೂಢಿ. ಎಲ್ಲವೂ ತಲುಪಿದೆಯೇ ಎಂಬುದು ಬೇರೊಂದು ಸಾಧನದಲ್ಲಿ ಖಾತೆ ತೆರೆದು ಹಳೆಯ ಕಡತವೊಂದನ್ನು ಇಳಿಸಿಕೊಂಡಾಗ ಮಾತ್ರ ಖಚಿತವಾಗುತ್ತದೆ.

ಆದ್ಯತೆ

ಎಲ್ಲ ದತ್ತಾಂಶಕ್ಕೂ ಸಮಾನ ಕಾಳಜಿ ಅಗತ್ಯವಿಲ್ಲ. ಪಹಣಿಯ ಚಿತ್ರ ಫೋನಿನಿಂದ ಹೋದರೂ, 2000ದ ದಶಕದ ಆರಂಭದಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳನ್ನೂ ವ್ಯಾಪಿಸಿದ ‘ಭೂಮಿ’ ಯೋಜನೆಯ ದತ್ತಾಂಶದಿಂದ ಅದನ್ನು ಮತ್ತೆ ಪಡೆಯಬಹುದು. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಇಲಾಖೆಗಳೇ ನೀಡಿದ ದಾಖಲೆಗೆ ಕಾನೂನಿನಲ್ಲಿ ಮೂಲದಷ್ಟೇ ಮಾನ್ಯತೆಯಿದೆ. ಬಳಕೆದಾರ ತಾನೇ ಏರಿಸಿದ ಫೋಟೋಗೆ ಆ ಮಾನ್ಯತೆಯಿಲ್ಲ.

ಬೇರಾರ ಬಳಿಯೂ ಪ್ರತಿಯಿಲ್ಲದ ವಸ್ತುಗಳಿಗೆ ಮೊದಲ ಸ್ಥಾನ ಸಲ್ಲಬೇಕು. ಸೊರಬ, ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಮದುವೆಯ ಮನೆಯ ಗೋಡೆಯಲ್ಲಿ ಬರೆಯುವ ಹಸೆ ಚಿತ್ತಾರವು ಗೋಡೆಗೆ ಹೊಸದಾಗಿ ಸಾರಿಸಿದಾಗ ಮರೆಯಾಗುತ್ತದೆ. ಭೂಮಿ ಹುಣ್ಣಿಮೆಯ ಬುಟ್ಟಿಯ ಚಿತ್ತಾರ, ಅಜ್ಜಿಯ ದನಿಯ ಸೋಬಾನೆ ಪದ ಇವುಗಳ ಏಕೈಕ ದಾಖಲೆ ಅನೇಕ ಮನೆಗಳಲ್ಲಿ ಯಾವುದೋ ಫೋನಿನ ವಿಡಿಯೊ. ಹಾಡಿದವರು ತೀರಿಕೊಂಡ ಮೇಲೆ ಅದನ್ನು ಮತ್ತೆ ಚಿತ್ರೀಕರಿಸಲು ಬರುವುದಿಲ್ಲ. ಇಂತಹ ಕಡತವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿ ‘ಅಲ್ಲಿದೆ’ ಎಂದು ಬಿಡುವುದೂ ಸಾಲದು. ಅಲ್ಲಿ ವಿಡಿಯೊ ಕುಗ್ಗಿಸಲ್ಪಟ್ಟು ಗುಣಮಟ್ಟ ಕಳೆದುಕೊಂಡಿರುತ್ತದೆ.

ಕನ್ನಡ ಕಡತಗಳು

ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್‌ಗಿಂತ ಮೊದಲಿನ ಫಾಂಟ್‌ಗಳಿಂದ ಟೈಪ್ ಮಾಡಿದ ಪತ್ರ, ಕಥೆ, ವಂಶಾವಳಿಗಳು ಇಂದಿಗೂ ಹಳೆಯ ಕಂಪ್ಯೂಟರುಗಳಲ್ಲಿವೆ. ಇವುಗಳಲ್ಲಿ ಕನ್ನಡ ಅಕ್ಷರದ ಸ್ಥಾನದಲ್ಲಿ ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಸಂಕೇತಗಳಿದ್ದು, ಫಾಂಟ್ ಮಾತ್ರ ಅವನ್ನು ಕನ್ನಡವಾಗಿ ತೋರಿಸುತ್ತದೆ. ಕ್ಲೌಡ್‌ಗೆ ಕಡತ ಅಕ್ಷತವಾಗಿಯೇ ತಲುಪುತ್ತದೆ; ಆದರೆ ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ, ಕನ್ನಡ ಪದವಿಟ್ಟು ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಮೂಲ ಕಡತದೊಡನೆ ಅದರ ಯೂನಿಕೋಡ್ ರೂಪಾಂತರವನ್ನೂ ಪಿಡಿಎಫ್ ಪ್ರತಿಯನ್ನೂ ಇರಿಸುವುದು ಒಳಿತು. ರೈಸ್ ಒಂದೇ ಶಾಸನವನ್ನು ಎರಡು ಲಿಪಿಗಳಲ್ಲಿ ಅಚ್ಚು ಹಾಕಿಸಿದ್ದರಿಂದ, ಒಂದು ಲಿಪಿ ಬಾರದವರಿಗೂ ಪಾಠ ದಕ್ಕಿತ್ತು.

ಖಾತೆ

ಕ್ಲೌಡ್‌ನಲ್ಲಿರುವ ಪ್ರತಿಯ ಅಸ್ತಿತ್ವ ಖಾತೆಯ ಅಸ್ತಿತ್ವವನ್ನು ಅವಲಂಬಿಸಿದೆ. ಆಂಡ್ರಾಯ್ಡ್ ಸಾಧನವನ್ನು 57 ದಿನ ಬಳಸದಿದ್ದರೆ ಫೋಟೋಸ್ ಹೊರತಾದ ಅದರ ಬ್ಯಾಕಪ್ ಅಳಿಸಲ್ಪಡಬಹುದು. ಎರಡು ವರ್ಷ ನಿಷ್ಕ್ರಿಯವಾಗಿರುವ ವೈಯಕ್ತಿಕ ಗೂಗಲ್ ಖಾತೆಗಳನ್ನು ತೆಗೆದುಹಾಕುವ ಕ್ರಮ 2023ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಖಾತೆಗೆ ಜೋಡಿಸಿದ ಸಿಮ್ ನಿಂತುಹೋಗಿ ಸಂಖ್ಯೆ ಬೇರೊಬ್ಬರಿಗೆ ಹೋದರೆ ಮರುಪ್ರವೇಶ ಕಷ್ಟ. ವಾಟ್ಸ್‌ಆ್ಯಪ್ 2021ರಲ್ಲಿ ತಂದ ಗೂಢಲಿಪೀಕೃತ ಬ್ಯಾಕಪ್‌ನ ಪಾಸ್‌ವರ್ಡ್ ಅಥವಾ 64 ಅಂಕಿಯ ಕೀಲಿ ಎರಡೂ ಕಳೆದರೆ ಸಂಸ್ಥೆಯೂ ಅದನ್ನು ತೆರೆಯಲಾರದು.

ಖಾತೆದಾರ ಮರಣ ಹೊಂದಿದಾಗ ಕುಟುಂಬಕ್ಕೆ ದತ್ತಾಂಶ ದೊರೆಯಲೆಂದು ಗೂಗಲ್ 2013ರಲ್ಲಿ ನಿಷ್ಕ್ರಿಯ ಖಾತೆ ನಿರ್ವಹಣೆಯನ್ನೂ ಆ್ಯಪಲ್ 2021ರಲ್ಲಿ ವಾರಸು ಸಂಪರ್ಕ ಸೌಲಭ್ಯವನ್ನೂ ಒದಗಿಸಿದವು. ಎರಡನ್ನೂ ಖಾತೆದಾರನು ಬದುಕಿರುವಾಗಲೇ ಹೊಂದಿಸಿರಬೇಕು.