ಮೇಯ್ಲಹ್ತಿಯಲ್ಲಿ ಲಕ್ವಕ್ಕೆ ಇಪ್ಪತ್ತೇ ನಿಮಿಷ

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಮೇಯ್ಲಹ್ತಿ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನರ್ ಇರುವುದು ತುರ್ತು ಚಿಕಿತ್ಸಾ ವಿಭಾಗದಲ್ಲೇ. ಲಕ್ವ ಹೊಡೆದವರನ್ನು ಇಲ್ಲಿ ಹಾಸಿಗೆಗೆ ಇಳಿಸಿ ಕಾಯಿಸುವುದಿಲ್ಲ. ಆಂಬುಲೆನ್ಸಿನ ಸ್ಟ್ರೆಚರಿನಲ್ಲೇ ನೇರ ಸ್ಕ್ಯಾನಿಗೆ ಒಯ್ಯುತ್ತಾರೆ. ಮಿದುಳಿನಲ್ಲಿ ರಕ್ತಸ್ರಾವ ಇಲ್ಲವೆಂದು ಖಾತ್ರಿಯಾದರೆ, ಹೆಪ್ಪು ಕರಗಿಸುವ ಮದ್ದನ್ನು ಸ್ಕ್ಯಾನರಿನ ಮೇಜಿನ ಮೇಲೆಯೇ ಕೊಡುತ್ತಾರೆ.

ಮೊದಲು ಹೀಗಿರಲಿಲ್ಲ. 1998ರಲ್ಲಿ ಈ ಮದ್ದು ಪಡೆದವರಲ್ಲಿ ಅರ್ಧದಷ್ಟು ಮಂದಿ ಆಸ್ಪತ್ರೆಯ ಬಾಗಿಲು ದಾಟಿದ ಮೇಲೂ 105 ನಿಮಿಷಕ್ಕಿಂತ ಹೆಚ್ಚು ಕಾದಿದ್ದರು. ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಅಮೆರಿಕದ ನರವೈದ್ಯ ಜೆಫ್ರಿ ಸೇವರ್ 2006ರಲ್ಲಿ ಅಂದಾಜಿಸಿದರು. ಮದ್ದಿಗೂ ಗಡುವಿದೆ. ಸಾಮಾನ್ಯವಾಗಿ ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದರೊಳಗೂ ತಡವಾದಷ್ಟು ಫಲ ಕಡಿಮೆ.

ಹೊತ್ತು ಎಲ್ಲೆಲ್ಲಿ ಸೋರುತ್ತಿದೆ ಎಂದು ಇಲ್ಲಿನ ನರವೈದ್ಯರು ಹುಡುಕುತ್ತಾ ಹೋದರು. ರೋಗಿ ಬಂದ ಮೇಲೆ ಮಾಡುತ್ತಿದ್ದ ಕೆಲಸವನ್ನೆಲ್ಲ ಆದಷ್ಟೂ ಬರುವ ಮುಂಚೆಯೇ ಮುಗಿಸತೊಡಗಿದರು. ಆಂಬುಲೆನ್ಸ್ ಸಿಬ್ಬಂದಿ ದಾರಿಯಿಂದಲೇ ಫೋನ್ ಮಾಡುತ್ತಾರೆ. ರೋಗಿ ಯಾವ ಮಾತ್ರೆ ನುಂಗುತ್ತಿದ್ದರೆಂದು ಮನೆಯವರನ್ನು ಕೇಳುವುದು, ಹಳೆಯ ದಾಖಲೆ ತೆರೆದು ನೋಡುವುದು, ಸ್ಕ್ಯಾನಿಗೂ ರಕ್ತಪರೀಕ್ಷೆಗೂ ಬರೆದಿಡುವುದು, ಎಲ್ಲವೂ ಆ ದಾರಿಯ ಹೊತ್ತಿನಲ್ಲೇ. ಮದ್ದು ಬೇಕಾದೀತು ಎನಿಸಿದರೆ ಮೊದಲೇ ಕಲಸಿಟ್ಟಿರುತ್ತಾರೆ. ಲಿಖಿತ ವರದಿಗೆ ಕಾಯದೆ ಸ್ಕ್ಯಾನಿನ ಚಿತ್ರವನ್ನು ಆಗಲೇ ನೋಡಿ ತೀರ್ಮಾನಿಸುತ್ತಾರೆ. ಇಂಥ ಹನ್ನೆರಡು ಬದಲಾವಣೆಗಳು ಒಂದೊಂದಾಗಿ ಬಂದವು. 2011ರ ಹೊತ್ತಿಗೆ 105 ಇದ್ದದ್ದು 20 ನಿಮಿಷಕ್ಕೆ ಇಳಿದಿತ್ತು. ಹದಿಮೂರು ವರ್ಷ ಬಿಡದೆ ನಡೆಸಿದ ಈ ದುಡಿಮೆಯೇ ನನಗೆ ಯಾವ ಯಂತ್ರಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಇಲ್ಲಿನ ವೈದ್ಯ ಅಟ್ಟೆ ಮೆರೆಟೊಯಾ ಇದೇ ಕ್ರಮವನ್ನು ಆಸ್ಟ್ರೇಲಿಯಾದ ರಾಯಲ್ ಮೆಲ್ಬರ್ನ್ ಆಸ್ಪತ್ರೆಗೆ ಒಯ್ದರು. 2012ರಲ್ಲಿ, ನಾಲ್ಕೇ ತಿಂಗಳಲ್ಲಿ, ಅಲ್ಲಿ ಹಗಲಿನ ಕೆಲಸದ ಹೊತ್ತಿನ ವಿಳಂಬ 25 ನಿಮಿಷಕ್ಕೆ ಇಳಿಯಿತು. ರಾತ್ರಿ ಮತ್ತು ರಜಾದಿನಗಳಲ್ಲಿ ಮಾತ್ರ ಅಷ್ಟು ಸುಧಾರಿಸಲಿಲ್ಲ. ಲಕ್ವ ಯಾವ ಹೊತ್ತಿನಲ್ಲೂ ಹೊಡೆಯುವ ಕಾಯಿಲೆ. ಇದು ಸಣ್ಣ ಕೊರತೆಯಲ್ಲ.

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ 2008ರಿಂದ ಇದೆ. ಹೆಲ್ಸಿಂಕಿಯಂತೆ ದಾರಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡುವುದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ. ಬಾಯಿ ಸೊಟ್ಟಗಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತಾ ಕೂರದೆ ಆಗಲೇ 108ಕ್ಕೆ ಕರೆ ಮಾಡಬೇಕು. ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ಯಿರಿ ಎಂದು ಕೇಳಬೇಕು. ರೋಗಿ ಕೊನೆಯ ಬಾರಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಮನೆಯವರು ನೆನಪಿಟ್ಟು ಹೇಳಬೇಕು. ಮದ್ದು ಕೊಡಬಹುದೇ ಬೇಡವೇ ಎಂಬುದನ್ನು ವೈದ್ಯರು ಲೆಕ್ಕ ಹಾಕುವುದು ಆ ಗಂಟೆಯಿಂದಲೇ.