ವಿಮಾನ ಮೈಲಿಗಳ ಜಮಾ-ಖರ್ಚು: ಅಟ್ಲಾಂಟಿಕ್ ದಾಟುವ ದಂಪತಿಗೊಂದು ಯೋಜನೆ

ವ್ಯಾಪಾರಸ್ಥನಾದವನು ತನಗೆ ಬರಬೇಕಾದ ಬಾಕಿಯನ್ನು ಮರೆಯುವುದು ವಿರಳ. ಯಾವ ಗಿರಾಕಿಯ ಉದ್ರಿ ಎಷ್ಟಿದೆ, ಎಷ್ಟು ದಿನಗಳಿಂದ ನಿಂತಿದೆ ಎಂಬುದು ಖಾತೆ ಪುಸ್ತಕವನ್ನು ತೆರೆಯದೆಯೇ ಆತನ ನಾಲಿಗೆಯ ತುದಿಯಲ್ಲಿರುತ್ತದೆ. ಆದರೆ ಅದೇ ವ್ಯಾಪಾರಿಯ ಹೆಸರಿನಲ್ಲಿ ವಿಮಾನ ಸಂಸ್ಥೆಗಳ ಹಾಗೂ ಕ್ರೆಡಿಟ್ ಕಾರ್ಡ್ ನೀಡಿದ ಬ್ಯಾಂಕುಗಳ ಪುಸ್ತಕಗಳಲ್ಲಿ ಎಷ್ಟು ‘ಮೈಲಿ’ ಅಥವಾ ‘ಪಾಯಿಂಟು’ಗಳು ಜಮಾ ಆಗಿವೆ, ಅವುಗಳ ಅವಧಿ ಎಂದು ಮುಗಿಯುತ್ತದೆ ಎಂದು ಕೇಳಿದರೆ ಸಾಮಾನ್ಯವಾಗಿ ಉತ್ತರ ದೊರೆಯುವುದಿಲ್ಲ. ಈ ಲೇಖಕನೂ ಇದಕ್ಕೆ ಹೊರತಲ್ಲ. ಕೆಲವು ವರ್ಷಗಳ ಹಿಂದೆ ಒಂದು ವಿಮಾನ ಸಂಸ್ಥೆಯಲ್ಲಿ ಕೂಡಿಬಂದಿದ್ದ 46,000 ಮೈಲಿಗಳನ್ನು ‘ಮುಂದೆಂದಾದರೂ ಉಪಯೋಗಕ್ಕೆ ಬಂದೀತು’ ಎಂದು ಮುಟ್ಟದೆ ಇಟ್ಟು, ಮೂರು ವರ್ಷ ಯಾವ ವ್ಯವಹಾರವೂ ನಡೆಯದ ಕಾರಣ ಅಷ್ಟನ್ನೂ ಕಳೆದುಕೊಂಡದ್ದುಂಟು. ದೀಪದ ಬುಡದಲ್ಲಿ ಕತ್ತಲೆ ಎಂಬುದು ಲೆಕ್ಕಪರಿಶೋಧಕನ ಮನೆಗೂ ಅನ್ವಯಿಸುವ ಮಾತು.

ಪ್ರಸ್ತುತ ಲೇಖನಕ್ಕೆ ಪ್ರೇರಣೆ ನಮ್ಮ ಕಕ್ಷಿದಾರರೊಬ್ಬರು. ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆ ಅವರದು. ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಮೊಮ್ಮಗಳು ಹುಟ್ಟಿ ಎರಡು ವರ್ಷವಾದರೂ ಅಜ್ಜ-ಅಜ್ಜಿ ಅವಳನ್ನು ಕಂಡದ್ದು ಫೋನಿನ ಪರದೆಯಲ್ಲಿ ಮಾತ್ರ. ಪತ್ನಿಗೆ ಮಂಡಿನೋವು, ಇಪ್ಪತ್ತು ಗಂಟೆಗೂ ಮೀರಿದ ಪ್ರಯಾಣವನ್ನು ಒಂದೇ ಸಮನೆ ಮಾಡುವುದು ಬೇಡವೆಂದು ವೈದ್ಯರ ಸಲಹೆ. “ಆಡಿಟರ್ ಸಾಹೇಬರೇ, ಕಾರ್ಡಿನಲ್ಲಿ ಎರಡೂವರೆ ಲಕ್ಷ ಪಾಯಿಂಟು ಇದೆ. ಅದಕ್ಕೆ ಬಿಟ್ಟಿ ಟಿಕೆಟ್ ಸಿಗುತ್ತಂತೆ. ನಮ್ಮ ಮನೆಯವರನ್ನು ಅಲ್ಲಲ್ಲಿ ಇಳಿಸಿಕೊಂಡು ನಿಧಾನವಾಗಿ ಕರೆದುಕೊಂಡು ಹೋಗುವ ಹಾಗೆ ಲೆಕ್ಕ ಹಾಕಿ ಕೊಡಿ” ಎಂದರು. ಆ ಲೆಕ್ಕವನ್ನೇ ಓದುಗರ ಮುಂದಿಡಲಾಗಿದೆ.

ಮೈಲಿ ಎಂಬುದು ಯಾವ ಬಗೆಯ ಆಸ್ತಿ?

ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 1981ರ ಮೇ ತಿಂಗಳಿನಲ್ಲಿ ‘ಎ-ಅಡ್ವಾಂಟೇಜ್’ ಯೋಜನೆಯನ್ನು ಆರಂಭಿಸಿತು. ಅದೇ ತಿಂಗಳು ಯುನೈಟೆಡ್ ಸಂಸ್ಥೆಯೂ ‘ಮೈಲೇಜ್ ಪ್ಲಸ್’ ತಂದಿತು. ಹಾರಿದ ದೂರಕ್ಕೆ ತಕ್ಕ ಮೈಲಿ, ಕೂಡಿದ ಮೈಲಿಗೆ ತಕ್ಕ ಉಚಿತ ಟಿಕೆಟು ಎಂಬ ಸರಳ ವ್ಯವಸ್ಥೆ ಅದಾಗಿತ್ತು. ಕಾಲಕ್ರಮೇಣ ಬ್ಯಾಂಕುಗಳು ಈ ಮೈಲಿಗಳನ್ನು ಸಗಟಾಗಿ ಕೊಂಡು ತಮ್ಮ ಕಾರ್ಡುದಾರರಿಗೆ ಹಂಚತೊಡಗಿದವು. ಇಂದು ನಮ್ಮ ವ್ಯಾಪಾರಿಗಳ ಮೈಲಿಗಳಲ್ಲಿ ಹೆಚ್ಚಿನ ಪಾಲು ಹುಟ್ಟುವುದು ಕಾರ್ಡಿನ ಖರ್ಚಿನಿಂದಲೇ.

ವಿಮಾನ ಸಂಸ್ಥೆಯ ಆಸ್ತಿ-ಹೊಣೆ ಪಟ್ಟಿಯಲ್ಲಿ ಬಳಕೆಯಾಗದ ಮೈಲಿಗಳು ಹೊಣೆಗಾರಿಕೆಯ ಬದಿಯಲ್ಲಿರುತ್ತವೆ. ಭಾರತದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಇಂಡ್ ಎಎಸ್ 115’ ಲೆಕ್ಕಪತ್ರ ಮಾನದಂಡದ ಪ್ರಕಾರವೂ ಇಂತಹ ಪಾಯಿಂಟುಗಳಿಗೆ ಸಲ್ಲುವ ಭಾಗವನ್ನು ಕೂಡಲೇ ಆದಾಯವೆಂದು ತೋರಿಸುವಂತಿಲ್ಲ. ಹಾಗಿದ್ದಲ್ಲಿ ಮೈಲಿ ಹೊಂದಿದವನು ಆ ಸಂಸ್ಥೆಯ ಸಾಲಿಗ. ಆದರೆ ಎಂತಹ ಸಾಲಿಗ? ಬಡ್ಡಿಯಿಲ್ಲ, ಭದ್ರತೆಯಿಲ್ಲ, ಮೇಲಾಗಿ ಸಾಲದ ಮೌಲ್ಯವನ್ನು ನಿಗದಿಪಡಿಸುವವನು ಸಾಲಗಾರನೇ. ಡೆಲ್ಟಾ ಸಂಸ್ಥೆ 2015ರಲ್ಲಿ, ಯುನೈಟೆಡ್ 2019ರಲ್ಲಿ ‘ಇಂತಿಷ್ಟು ದೂರಕ್ಕೆ ಇಂತಿಷ್ಟು ಮೈಲಿ’ ಎಂಬ ಪ್ರಕಟಿತ ದರಪಟ್ಟಿಯನ್ನೇ ತೆಗೆದುಹಾಕಿದವು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಯುನೈಟೆಡ್ ತನ್ನ ಮೈಲಿ ಯೋಜನೆಯನ್ನು ಅಡಮಾನವಿಟ್ಟು 680 ಕೋಟಿ ಡಾಲರ್, ಡೆಲ್ಟಾ 900 ಕೋಟಿ ಡಾಲರ್ ಸಾಲ ಎತ್ತಿದವು. ನಮ್ಮಲ್ಲಿಯೂ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ ಹಾರಾಟ ನಿಲ್ಲಿಸಿದ್ದನ್ನು ಓದುಗರು ಮರೆತಿರಲಾರರು.

ಆದುದರಿಂದ ಮೈಲಿಗಳನ್ನು ಚಿನ್ನದಂತೆ ತಿಜೋರಿಯಲ್ಲಿಡುವುದು ತಪ್ಪು. ತರಕಾರಿ ಮಂಡಿಯ ಸರಕಿನಂತೆ, ಬಂದಷ್ಟನ್ನು ಬಾಡುವ ಮುನ್ನ ವಿಲೇವಾರಿ ಮಾಡುವುದೇ ಜಾಣತನ.

ಮೈಲಿಯ ಖರೀದಿ ಬೆಲೆ

‘ಬಿಟ್ಟಿ’ ಎಂಬ ಪದವನ್ನು ಮೊದಲು ಪರೀಕ್ಷಿಸೋಣ. ಕಚ್ಚಾಮಾಲಿನ ಸರಬರಾಜುದಾರರಿಗೆ ಪಾಯಿಂಟಿನ ಆಸೆಯಿಂದ ಮಧ್ಯವರ್ತಿ ಸಂಸ್ಥೆಯೊಂದರ ಮೂಲಕ ಕಾರ್ಡಿನಲ್ಲಿ 10 ಲಕ್ಷ ರೂ. ಪಾವತಿಸಿದಿರಿ ಎಂದಿಟ್ಟುಕೊಳ್ಳಿ. ಸೇವಾ ಶುಲ್ಕ ಶೇ. 2 ಎಂದರೆ 20,000 ರೂ.; ಅದರ ಮೇಲೆ ಶೇ. 18 ಜಿಎಸ್‌ಟಿ 3,600 ರೂ. (ಹೂಡುವಳಿ ತೆರಿಗೆ ಜಮಾ ದೊರೆಯುವುದಾದರೆ ಇದನ್ನು ಬಿಡಬಹುದು). ನೂರು ರೂಪಾಯಿಗೆ 2 ಪಾಯಿಂಟಿನಂತೆ 20,000 ಪಾಯಿಂಟು ಬಂದವು. ಎರಡು ಪಾಯಿಂಟಿಗೆ ಒಂದು ಮೈಲಿಯಂತೆ ಬದಲಾಯಿಸಿದರೆ 10,000 ಮೈಲಿ. ಅಂದರೆ ಒಂದು ಮೈಲಿಯ ಖರೀದಿ ಬೆಲೆ 2 ರೂ. ಅದೇ ಸರಬರಾಜುದಾರರು ನಗದು ಪಾವತಿಗೆ ರಿಯಾಯಿತಿ ಕೊಡುವವರಾಗಿದ್ದರೆ ಕೈಬಿಟ್ಟ ಆ ರಿಯಾಯಿತಿಯೂ ಮೈಲಿಯ ಬೆಲೆಗೇ ಸೇರಬೇಕು. ಇನ್ನು ಕಾರ್ಡಿನ ಬಾಕಿಯನ್ನು ಗಡುವಿನೊಳಗೆ ತೀರಿಸದೆ ತಿಂಗಳಿಗೆ ಶೇ. 3ಕ್ಕೂ ಮೀರಿದ ಬಡ್ಡಿ ತೆರುವವರು ಮೈಲಿಯ ಮಾತನ್ನೇ ಆಡಬಾರದು.

ನಮ್ಮ ಕಕ್ಷಿದಾರರು ಇಂತಹ ಕಸರತ್ತು ಮಾಡಿರಲಿಲ್ಲ. ವಿದ್ಯುತ್ ಬಿಲ್ಲು, ವಿಮಾ ಕಂತು, ಬಿಡಿಭಾಗಗಳ ಖರೀದಿ ಮೊದಲಾಗಿ ಹೇಗೂ ಮಾಡಲೇಬೇಕಾದ ಖರ್ಚಿನಿಂದ ಐದು ವರ್ಷಗಳಲ್ಲಿ ಕೂಡಿದ ಪಾಯಿಂಟುಗಳು ಅವು. ಹೀಗೆ ಬಂದುದಷ್ಟೇ ನಿಜವಾದ ಲಾಭ.

ದಾರಿಯ ಆಯ್ಕೆ

ಹೆಚ್ಚಿನ ಯೋಜನೆಗಳಲ್ಲಿ ಹೋಗುವ ಟಿಕೆಟು, ಬರುವ ಟಿಕೆಟು ಪ್ರತ್ಯೇಕವಾಗಿ ಬೆಲೆಗೊಳ್ಳುತ್ತವೆ. ಹೀಗಾಗಿ ಒಂದೂರಿನಲ್ಲಿ ಇಳಿದು ಇನ್ನೊಂದೂರಿನಿಂದ ಹತ್ತುವುದಕ್ಕೆ ಅಡ್ಡಿಯಿಲ್ಲ. ಇದನ್ನು ಬಳಸಿಕೊಂಡು ಪ್ರಯಾಣವನ್ನು ನಾಲ್ಕು ತುಂಡುಗಳಾಗಿ ವಿಂಗಡಿಸಲಾಯಿತು.

ಮೊದಲನೆಯದು ಬೆಂಗಳೂರಿನಿಂದ ಲಂಡನ್. ನೇರ ವಿಮಾನದಲ್ಲಿ ಹತ್ತರಿಂದ ಹನ್ನೊಂದು ಗಂಟೆ. ಈ ಟಿಕೆಟನ್ನು ಹಣ ಕೊಟ್ಟೇ ಕೊಳ್ಳಲಾಯಿತು. ಪತ್ನಿಯ ತಂಗಿಯ ಮಗಳು ಅಲ್ಲಿ ನೆಲೆಸಿರುವುದರಿಂದ ವಸತಿಯ ಖರ್ಚಿಲ್ಲ. ಥೇಮ್ಸ್ ದಡದಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ನೋಡಬೇಕೆಂಬುದು ಆ ತಾಯಿಯ ಬಹುಕಾಲದ ಆಸೆಯೂ ಆಗಿತ್ತು.

ಲಂಡನ್ನಿನಿಂದಲೇ ನ್ಯೂಯಾರ್ಕಿಗೆ ಹಾರಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಇಲ್ಲಿಯೇ ಎಚ್ಚರ ಬೇಕು. ಬ್ರಿಟನ್ ಸರ್ಕಾರವು ತನ್ನ ನಿಲ್ದಾಣಗಳಿಂದ ಹೊರಡುವ ಪ್ರಯಾಣಿಕರ ಮೇಲೆ 1994ರಿಂದ ವಿಮಾನ ಪ್ರಯಾಣ ಸುಂಕವನ್ನು ವಿಧಿಸುತ್ತಿದೆ. ಅಮೆರಿಕದ ದೂರಕ್ಕೆ ಸಾಮಾನ್ಯ ದರ್ಜೆಯಲ್ಲಿ ತಲಾ 90 ಪೌಂಡ್ ಇದ್ದುದು 2026ರ ಏಪ್ರಿಲ್‌ನಿಂದ 102 ಪೌಂಡ್ ಆಗಿದೆ. ಮೇಲಿನ ದರ್ಜೆಗಳಲ್ಲಿ 244 ಪೌಂಡ್. ಮೈಲಿ ಕೊಟ್ಟು ಪಡೆದ ಟಿಕೆಟಿಗೂ ಈ ಸುಂಕವನ್ನು ನಗದಾಗಿಯೇ ತೆರಬೇಕು. ಇದರ ಮೇಲೆ ಕೆಲವು ಸಂಸ್ಥೆಗಳು ಮೈಲಿ ಟಿಕೆಟಿಗೂ ಭಾರಿ ಹೆಚ್ಚುವರಿ ಶುಲ್ಕ ಹೇರುತ್ತವೆ. ಬಂದಿಳಿಯುವವರಿಗೆ ಈ ಸುಂಕವಿಲ್ಲ. ಆದುದರಿಂದ ಲಂಡನ್ನಿನಲ್ಲಿ ಇಳಿಯುವುದು, ಅಟ್ಲಾಂಟಿಕ್ ದಾಟುವುದಕ್ಕೆ ಬೇರೆಡೆಯಿಂದ ಹೊರಡುವುದು ಎಂದು ನಿರ್ಧರಿಸಲಾಯಿತು.

ಲಂಡನ್ನಿನಿಂದ ಪ್ಯಾರಿಸ್‌ಗೆ ಸಮುದ್ರದಡಿಯ ಸುರಂಗ ಮಾರ್ಗದ ಯೂರೋಸ್ಟಾರ್ ರೈಲಿನಲ್ಲಿ ಎರಡೂಕಾಲು ಗಂಟೆಯ ಆಸುಪಾಸಿನ ಪಯಣ. ಫ್ರಾನ್ಸಿನಲ್ಲಿಯೂ ವಿಮಾನ ತೆರಿಗೆ ಇದೆ. 2025ರ ಮಾರ್ಚ್‌ನಲ್ಲಿ ಅದನ್ನು ಏರಿಸಲಾಗಿದೆ ಕೂಡ. ಆದರೂ ಬ್ರಿಟನ್ನಿನಷ್ಟು ಹೊರೆಯಿಲ್ಲ. ರೈಲಿನ ಟಿಕೆಟನ್ನು ತಿಂಗಳುಗಳ ಮುಂಚೆ ಕೊಂಡರೆ ಮಾತ್ರ ಈ ಉಳಿತಾಯ ಕೈಗೆ ಹತ್ತುತ್ತದೆ. ಕೊನೆಯ ಗಳಿಗೆಯ ದರ ಅದನ್ನು ನುಂಗಿಹಾಕುತ್ತದೆ.

ಪ್ಯಾರಿಸ್‌ನಲ್ಲಿ ಮೂರು ರಾತ್ರಿ ತಂಗಿದ ನಂತರ ಮೈಲಿಯ ಟಿಕೆಟಿನಲ್ಲಿ ನ್ಯೂಯಾರ್ಕ್. ಮರಳುವಾಗ ನ್ಯೂಯಾರ್ಕಿನಿಂದ ಆಮ್‌ಸ್ಟರ್‌ಡ್ಯಾಂ, ಅಲ್ಲಿ ನಾಲ್ಕು ರಾತ್ರಿ, ಅಲ್ಲಿಂದ ನೇರ ಬೆಂಗಳೂರು. ಏರ್ ಫ್ರಾನ್ಸ್-ಕೆಎಲ್‌ಎಂ ಸಂಸ್ಥೆಗಳ ‘ಫ್ಲೈಯಿಂಗ್ ಬ್ಲೂ’ ಯೋಜನೆಯು 2022ರಿಂದ ಮೈಲಿ ಟಿಕೆಟಿನಲ್ಲಿ ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಂನಲ್ಲಿ ಹೆಚ್ಚಿನ ಮೈಲಿ ಪಡೆಯದೆ ನಡುವೆ ತಂಗಲು ಅವಕಾಶ ನೀಡಿದೆ. ಮಂಡಿನೋವಿನ ಪ್ರಯಾಣಿಕರಿಗೆ ಇದೊಂದು ವರದಾನ. ಇದೇ ರೀತಿ ಏರ್ ಕೆನಡಾದ ‘ಏರೋಪ್ಲಾನ್’ ಯೋಜನೆಯಲ್ಲಿ 5,000 ಪಾಯಿಂಟು ಹೆಚ್ಚಿಗೆ ಕೊಟ್ಟು ದಾರಿಯಲ್ಲಿ ಒಂದೆಡೆ ಇಳಿಯುವ ವ್ಯವಸ್ಥೆ 2020ರಿಂದ ಇದೆ.

ಒಂದು ಮೈಲಿಗೆ ಎಷ್ಟು ದಕ್ಕಿತು?

ಕಾಯ್ದಿರಿಸಿದ ದಿನದ ಅಂಕಿಗಳು ಹೀಗಿದ್ದವು. ಪ್ಯಾರಿಸ್-ನ್ಯೂಯಾರ್ಕ್ ಇಬ್ಬರಿಗೆ 52,000 ಮೈಲಿ. ನ್ಯೂಯಾರ್ಕ್-ಆಮ್‌ಸ್ಟರ್‌ಡ್ಯಾಂ-ಬೆಂಗಳೂರು ಇಬ್ಬರಿಗೆ 71,000 ಮೈಲಿ. ಒಟ್ಟು 1,23,000 ಮೈಲಿ. ಇದಕ್ಕೆ ವ್ಯಯವಾದ ಪಾಯಿಂಟುಗಳು 2,46,000. ನಗದಾಗಿ ತೆತ್ತ ತೆರಿಗೆ ಹಾಗೂ ಶುಲ್ಕ 80,000 ರೂ. ಇದೇ ವಿಮಾನಗಳ ಟಿಕೆಟನ್ನು ಹಣಕ್ಕೆ ಕೊಂಡಿದ್ದರೆ 2,40,000 ರೂ. ಆಗುತ್ತಿತ್ತು.

ಟಿಕೆಟಿನ ನಗದು ಬೆಲೆಯಿಂದ ತೆರಿಗೆ-ಶುಲ್ಕಗಳನ್ನು ಕಳೆದು, ಉಳಿದುದನ್ನು ಮೈಲಿಗಳಿಂದ ಭಾಗಿಸಬೇಕು: 1,60,000 ಭಾಗಿಸು 1,23,000, ಮೈಲಿಗೆ ಸುಮಾರು 1 ರೂ. 30 ಪೈಸೆ, ಪಾಯಿಂಟಿಗೆ 65 ಪೈಸೆ. ಬ್ಯಾಂಕು ಇದೇ ಪಾಯಿಂಟನ್ನು ಕಾರ್ಡಿನ ಬಾಕಿಗೆ ವಜಾ ಮಾಡಿಕೊಳ್ಳಲು 25 ಪೈಸೆ ಕೊಡುತ್ತಿತ್ತು. ಅಂದರೆ 61,500 ರೂ. ಬರಬೇಕಾದಲ್ಲಿ 1,60,000 ರೂ.ಗಳ ಪ್ರಯೋಜನ ದೊರೆಯಿತು. ಅದೇ ಅಳತೆಗೋಲಿನಲ್ಲಿ, ಮೇಲೆ ಹೇಳಿದಂತೆ ಶುಲ್ಕ ತೆತ್ತು 2 ರೂ.ಗೆ ಮೈಲಿ ಕೊಂಡವರು ಪ್ರತಿ ಮೈಲಿಗೆ 70 ಪೈಸೆ ನಷ್ಟ ಅನುಭವಿಸುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಿಗಳನ್ನು ಈ ಸೂತ್ರಕ್ಕೆ ಹಾಕಿ ನೋಡಬೇಕು.

ತಂಗುದಾಣ ಉಚಿತ, ವೀಸಾ ಉಚಿತವಲ್ಲ

ಭಾರತೀಯ ಪಾಸ್‌ಪೋರ್ಟ್ ಹೊಂದಿದವರಿಗೆ ಪ್ರತಿ ತಂಗುದಾಣವೂ ಒಂದು ಅರ್ಜಿ. ಅಮೆರಿಕ, ಬ್ರಿಟನ್, ಷೆಂಗೆನ್ ಮೂರಕ್ಕೂ ಬೇರೆ ಬೇರೆ ವೀಸಾ ಬೇಕು. ಷೆಂಗೆನ್ ವೀಸಾ ಶುಲ್ಕವೇ 2024ರ ಜೂನ್‌ನಿಂದ ತಲಾ 90 ಯೂರೋ. ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯದಿದ್ದರೆ ಉಳಿತಾಯದ ಅರ್ಧ ಅಲ್ಲಿಯೇ ಕರಗೀತು.

ನಮ್ಮ ಪ್ರಕರಣದಲ್ಲಿ ಒಂದು ಅಪಾಯ ಕೂದಲೆಳೆಯಷ್ಟರಲ್ಲಿ ತಪ್ಪಿತು. ಏಜೆಂಟರು ತುಂಬಿಸಿದ್ದ ಷೆಂಗೆನ್ ಅರ್ಜಿಯಲ್ಲಿ ‘ಒಂದು ಪ್ರವೇಶ’ ಎಂದಿತ್ತು. ಈ ದಂಪತಿ ಪ್ಯಾರಿಸ್‌ನಿಂದ ಅಮೆರಿಕಕ್ಕೆ ಹೋದೊಡನೆ ಆ ಪ್ರವೇಶ ಮುಗಿಯುತ್ತಿತ್ತು. ಮರಳುವಾಗ ಆಮ್‌ಸ್ಟರ್‌ಡ್ಯಾಂ ನಿಲ್ದಾಣದಿಂದ ಹೊರಬರಲು ಸಾಧ್ಯವಿರಲಿಲ್ಲ. ‘ಬಹು ಪ್ರವೇಶ’ ಎಂದು ತಿದ್ದಿಸಲಾಯಿತು. ಅರ್ಜಿ ಯಾವ ದೇಶಕ್ಕೆ ಎಂಬುದಕ್ಕೂ ನಿಯಮವಿದೆ: ಹೆಚ್ಚು ದಿನ ತಂಗುವ ದೇಶಕ್ಕೆ. ಪ್ಯಾರಿಸ್‌ನಲ್ಲಿ ಮೂರು, ಆಮ್‌ಸ್ಟರ್‌ಡ್ಯಾಂನಲ್ಲಿ ನಾಲ್ಕು ರಾತ್ರಿಯಾದ್ದರಿಂದ ನೆದರ್‌ಲ್ಯಾಂಡ್ಸ್‌ಗೆ ಸಲ್ಲಿಸಲಾಯಿತು.

ಮೈಲಿ ಸೀಟುಗಳು ಸುಮಾರು ಹನ್ನೊಂದು ತಿಂಗಳ ಮುಂಚೆಯೇ ತೆರೆಯುತ್ತವೆ. ಷೆಂಗೆನ್ ಅರ್ಜಿಯನ್ನಾದರೋ ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಕೊಡುವಂತಿಲ್ಲ. ಆದುದರಿಂದ ಶುಲ್ಕ ತೆತ್ತು ರದ್ದುಪಡಿಸಿದರೆ ಮೈಲಿಗಳು ಖಾತೆಗೆ ಮರಳುವಂತಹ ಟಿಕೆಟನ್ನೇ ಆರಿಸಬೇಕು.

ಯಾರ ಮೈಲಿ?

ಲೆಕ್ಕಪರಿಶೋಧಕನಾಗಿ ಒಂದು ಮಾತು ಹೇಳಲೇಬೇಕು. ಪಾಲುದಾರಿಕೆ ಸಂಸ್ಥೆಯ ಖರ್ಚಿನಿಂದ ಹುಟ್ಟಿದ ಪಾಯಿಂಟನ್ನು ಒಬ್ಬ ಪಾಲುದಾರ ತನ್ನ ಕುಟುಂಬದ ಪ್ರವಾಸಕ್ಕೆ ಬಳಸಿದರೆ ಉಳಿದವರ ಮನಸ್ಸಿನಲ್ಲಿ ಪ್ರಶ್ನೆ ಏಳುವುದು ಸಹಜ. ಅಣ್ಣ-ತಮ್ಮಂದಿರ ಸಂಸ್ಥೆಗಳಲ್ಲಿ ಇಷ್ಟು ಸಣ್ಣ ವಿಷಯದಿಂದ ಮನಸ್ತಾಪ ಹುಟ್ಟಿದ್ದನ್ನು ಕಂಡಿದ್ದೇವೆ. ಯಾರಿಗೆ ಎಷ್ಟು ಎಂಬುದನ್ನು ಬರಹದಲ್ಲಿ ದಾಖಲಿಸಿಡುವುದು ಲೇಸು. ಖಾಸಗಿ ಕಂಪನಿಯಾಗಿದ್ದರೆ ನಿರ್ದೇಶಕರಿಗೆ ದೊರೆತ ಸವಲತ್ತಿನ ತೆರಿಗೆಯ ಪ್ರಶ್ನೆಯನ್ನು ತಮ್ಮ ಲೆಕ್ಕಪರಿಶೋಧಕರೊಡನೆ ಮೊದಲೇ ಚರ್ಚಿಸಬೇಕು. ಸ್ವಂತ ಪ್ರವಾಸದ ಟಿಕೆಟಿಗೆ ತೆತ್ತ ತೆರಿಗೆ-ಶುಲ್ಕಗಳನ್ನಂತೂ ಸಂಸ್ಥೆಯ ಪ್ರಯಾಣ ವೆಚ್ಚಕ್ಕೆ ಹಾಕಲೇಬಾರದು.

ಗಮನಿಸಬೇಕಾದ ಅಂಶಗಳು

1. ಸೀಟು ಇದೆಯೆಂದು ಖಚಿತವಾದ ಮೇಲಷ್ಟೇ ಬ್ಯಾಂಕಿನ ಪಾಯಿಂಟನ್ನು ಮೈಲಿಯಾಗಿ ಬದಲಾಯಿಸಿ. ಬದಲಾಯಿಸಿದ್ದು ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ.

2. ಹುಡುಕುವಾಗಲೇ ಇಬ್ಬರಿಗೆಂದು ಹುಡುಕಿ. ಒಂದು ಸೀಟು ಸಿಕ್ಕ ವಿಮಾನದಲ್ಲಿ ಎರಡನೆಯದು ಇಲ್ಲದಿರಬಹುದು.

3. ಪ್ರತ್ಯೇಕ ಟಿಕೆಟುಗಳ ನಡುವೆ ಕನಿಷ್ಠ ಒಂದು ರಾತ್ರಿಯ ಅಂತರವಿರಲಿ. ಮೊದಲ ವಿಮಾನ ತಡವಾದರೆ ಎರಡನೆಯ ಸಂಸ್ಥೆ ಹೊಣೆಯಲ್ಲ.

4. ಯೂರೋಪ್ ಒಕ್ಕೂಟದ ನಿಲ್ದಾಣದಿಂದ ಹೊರಡುವ ವಿಮಾನ ರದ್ದಾದರೆ ಅಥವಾ ವಿಪರೀತ ತಡವಾದರೆ 2004ರ 261ನೇ ನಿಯಮಾವಳಿಯ ರಕ್ಷಣೆ ಮೈಲಿ ಟಿಕೆಟಿಗೂ ಉಂಟು. ಬೋರ್ಡಿಂಗ್ ಪಾಸನ್ನು ಜೋಪಾನವಾಗಿಡಿ.

ಆ ದಂಪತಿ ಎರಡು ತಿಂಗಳ ಪ್ರವಾಸ ಮುಗಿಸಿ ಕ್ಷೇಮವಾಗಿ ಹಿಂದಿರುಗಿದ್ದಾರೆ. ಕಚೇರಿಗೆ ಬಂದಾಗ ನಮ್ಮ ಕಕ್ಷಿದಾರರು ಉಳಿತಾಯದ ಮಾತೆತ್ತಲಿಲ್ಲ. “ಮಗು ಮೊದಲ ದಿನ ಅಜ್ಜಿಯ ಹತ್ತಿರ ಬರಲಿಲ್ಲ ಸಾಹೇಬರೇ. ಮೂರನೆಯ ದಿನದಿಂದ ಬಿಡಲೇ ಇಲ್ಲ” ಎಂದಷ್ಟೇ ಹೇಳಿದರು. ಇನ್ನೆರಡು ವರ್ಷ ಕಾದು ಕೂಡಿಡೋಣ ಎಂದುಕೊಂಡಿದ್ದರೆ ಮೈಲಿಯ ಬೆಲೆಯೂ ಇಳಿಯುತ್ತಿತ್ತು, ಮಂಡಿನೋವೂ ಏರುತ್ತಿತ್ತು, ಮಗುವಿನ ಆ ವಯಸ್ಸಂತೂ ಮರಳಿ ಬರುತ್ತಿರಲಿಲ್ಲ.

ಈ ತಿಂಗಳ ಕಾರ್ಡಿನ ವಿವರಪಟ್ಟಿ ಕೈಸೇರಿದಾಗ ಓದುಗ ಮಿತ್ರರು ಅದರಲ್ಲಿನ ಪಾಯಿಂಟುಗಳ ಸಂಖ್ಯೆ ಹಾಗೂ ಅವಧಿ ಮುಗಿಯುವ ದಿನಾಂಕವನ್ನು ತಮ್ಮ ಉದ್ರಿ ಪಟ್ಟಿಯ ಕೊನೆಯಲ್ಲಿ ಬರೆದಿಟ್ಟುಕೊಳ್ಳಬೇಕೆಂದು ವಿನಂತಿ. ಅದೂ ವಸೂಲಾಗಬೇಕಾದ ಬಾಕಿಯೇ.