ಟೈರಿನ ಬೆಲೆಯೂ ಓಟದ ಲೆಕ್ಕವೂ

ಕಾರಿನ ಟೈರು ಬದಲಿಸುವಾಗ ವ್ಯಾಪಾರಸ್ಥರು ರಿಯಾಯಿತಿಯೊಂದನ್ನೇ ನೋಡುವುದು ಸರಿಯಲ್ಲ. 4,500 ರೂಪಾಯಿಯ ಟೈರು 45,000 ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ 10 ಪೈಸೆ; 3,600 ರೂಪಾಯಿಯದು 30,000ಕ್ಕೇ ಸವೆದರೆ 12 ಪೈಸೆ. ರಿಯಾಯಿತಿಯ ಮಾಲು ಹಳೆಯ ದಾಸ್ತಾನಾಗಿರಲೂಬಹುದು. ಅಂಗಡಿ ನಡೆಸುವವರಿಗೆ ಇದನ್ನು ವಿವರಿಸಬೇಕಿಲ್ಲ. ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಬೇಕು: 3524 ಎಂದರೆ 2024ರ 35ನೇ ವಾರದ ತಯಾರಿಕೆ. ಗೋದಾಮಿನಲ್ಲಿ ಸುಮ್ಮನಿದ್ದರೂ ರಬ್ಬರು ವರ್ಷಗಳು ಕಳೆದಂತೆ ಗಡುಸಾಗುತ್ತದೆ, ಮಳೆಯ ರಸ್ತೆಯಲ್ಲಿ ಹಿಡಿತ ತಗ್ಗುತ್ತದೆ. ಡಿಕ್ಕಿಯಲ್ಲಿ ಸರಕು ಒಯ್ಯುವವರು ಭಾರಸೂಚಿಯನ್ನೂ ಗಮನಿಸಬೇಕು. 85 ಎಂದಿದ್ದರೆ ಒಂದು ಟೈರು ಹೊರಬಲ್ಲ ಗರಿಷ್ಠ ಭಾರ 515 ಕಿಲೋಗ್ರಾಂ. ಕಾರು ತಯಾರಕರು ಸೂಚಿಸಿದ್ದಕ್ಕಿಂತ ಕಡಿಮೆಯದನ್ನು ಕೊಳ್ಳಬಾರದು. 2025ರ ಸೆಪ್ಟೆಂಬರ್ 22ರಿಂದ ಕಾರು ಟೈರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿರುವುದರಿಂದ ಬಿಲ್ಲಿಲ್ಲದೆ ಕೊಳ್ಳುವ ನೆಪವೂ ಉಳಿದಿಲ್ಲ. ಬಿಲ್ಲಿನಲ್ಲಿ ಟೈರಿನ ಕ್ರಮಸಂಖ್ಯೆಯನ್ನು ಬರೆಸಿಕೊಂಡರೆ ವಾರಂಟಿ ಕೇಳುವಾಗ ತಕರಾರು ಬಾರದು.